ಎರಡು ಬೆರಳು ಬಲಕ್ಕೆ

ನರಗುಂದದ ಗುಡ್ಡದ ಬುಡದಲ್ಲಿ, ಕಾಳಿನ ಪೇಟೆ ಮುಗಿದು ಮನೆಗಳು ಶುರುವಾಗುವ ಓಣಿಯಲ್ಲಿ, ಮೊದಲು ಕಡಲೆ ಚೀಲ ಒಟ್ಟುತ್ತಿದ್ದ ಒಂದು ಗೋದಾಮು ಇದೆ. ಈಗ ಅದರೊಳಗೆ ಒಂದು ಸೂಕ್ಷ್ಮದರ್ಶಕ, ಎರಡು ಕಂಪ್ಯೂಟರ್, ಬಿಸಿಮಾಡಿ ಒತ್ತುವ ಒಂದು ಯಂತ್ರ, ಗೋಡೆಯುದ್ದಕ್ಕೂ ಕಪಾಟುಗಳು. ಎರಡು ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಅದರ ಬೀಗ ತೆಗೆದವಳು ಮೆಣಸಗಿಯ ಶ್ವೇತಾ.

ಶ್ವೇತಾ ಒಂಬತ್ತನೆಯ ತರಗತಿಯಲ್ಲಿದ್ದಾಗ ಮಲಪ್ರಭೆ ಊರೊಳಗೆ ಬಂದಿತ್ತು. ಶಾಲೆಯ ಕೋಣೆಗಳಲ್ಲಿ ಜನ, ಕರು, ಕಾಳಿನ ಚೀಲ ತುಂಬಿಕೊಂಡವು. ನೀರು ಇಳಿದ ಮೇಲೆ ಉಳಿದ ಹುಡುಗಿಯರು ಶಾಲೆಗೆ ಮರಳಿದರು. ಇವಳು ಮರಳಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ನಾಲ್ಕು ದಿನ ತಡವಾಗಿತ್ತು, ಈಗ ಬಾಗಿಲಲ್ಲಿ ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವ ಸಂಕೋಚ. ಆ ಸಂಕೋಚದಲ್ಲಿ ಇನ್ನೂ ನಾಲ್ಕು ದಿನ ಹೋದವು, ಆಮೇಲೆ ವರ್ಷವೇ ಹೋಯಿತು. ಅಪ್ಪನಿಲ್ಲದ ಮನೆ, ಅವ್ವ ಗೌರವ್ವನ ಜೊತೆ ಪುಂಡಿ ನಾರು ತೆಗೆಯುತ್ತ ಕುಳಿತಳು. ಪುಂಡಿಯ ಕಡ್ಡಿಗಳನ್ನು ಹೊಳೆಯ ಮಡುವಿನಲ್ಲಿ ಕಲ್ಲು ಹೇರಿ ನೆನೆಹಾಕುವುದು, ಕೊಳೆತ ಸಿಪ್ಪೆ ಸುಲಿಯುವುದು, ಬಡಿದು ತೊಳೆದು ಒಣಹಾಕುವುದು, ಮೊಳೆ ಬಡಿದ ಹಲಗೆಯ ಮೇಲೆ ಎಳೆದು ಎಳೆದು ಬಾಚುವುದು. ಗೌರವ್ವ ಬಾಚಿದ ನಾರು ಮುದುಕಿಯ ತಲೆಗೂದಲಿನ ಹಾಗೆ ತೆಳ್ಳಗೆ, ಬೆಳ್ಳಗೆ ಇಳಿಬೀಳುತ್ತಿತ್ತು.

ಆ ನಾರು ಕೊಳ್ಳಲು ನರಗುಂದದಿಂದ ಪದ್ಮಶ್ರೀ ಬಂದಿದ್ದರು. ಗೋದಾಮು ಅವರ ಅಜ್ಜನದು. ಊರೂರು ಕಾಲೇಜಿನಲ್ಲಿ ಪಾಠ ಹೇಳಿ ಸಾಕಾಗಿ ಮರಳಿದವರು, ನಾರನ್ನು ರೆಸಿನ್ ಎಂಬ ಅಂಟಿನಲ್ಲಿ ಅದ್ದಿ, ಒತ್ತಿ, ಕಬ್ಬಿಣಕ್ಕಿಂತ ಹಗುರವಾದ ಗಟ್ಟಿ ಹಾಳೆ ಮಾಡುತ್ತಿದ್ದರು. ಒಂದು ಸಲ ಶ್ವೇತಾ ನಾರಿನ ಹೊರೆ ತಲುಪಿಸಲು ಗೋದಾಮಿಗೆ ಬಂದಾಗ ಕಂಪ್ಯೂಟರಿನ ಮೇಲೆ ಹಾಳೆಯ ಒಂದು ಚೂರಿನ ಚಿತ್ರ ಇತ್ತು. ಕರಿಯ ಬಯಲಲ್ಲಿ ಬಿಳಿ ಬಿಳಿ ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ನಾರಿನ ತುದಿ. ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಚುಕ್ಕೆಗಳಿಗೆ ಸುತ್ತು ಹಾಕುತ್ತ ಹೋಗುತ್ತಿತ್ತು.

"ಅಕ್ಕಾರ," ಅಂದಳು ಶ್ವೇತಾ, ತನಗೇ ಕೇಳಿಸದಷ್ಟು ಮೆಲ್ಲಗೆ. "ಅಲ್ಲಿ ಎರಡು ಅದಾವ್ರಿ. ಅದು ಒಂದ ಅಂತ ಹಿಡದೈತಿ."

ಪದ್ಮಶ್ರೀ ಕನ್ನಡಕ ಏರಿಸಿ ನೋಡಿದರು. ಎರಡು ನಾರು ಒಂದಕ್ಕೊಂದು ಅಂಟಿ ಕುಳಿತಿದ್ದವು. "ಇನ್ನೂ ಎಲ್ಲೆರೆ ಹಂಗ ಅದಾವೇನು?"

ಶ್ವೇತಾ ಬೆರಳು ತೋರಿಸಿದಳು. ಇಲ್ಲಿ, ಇಲ್ಲಿ, ಇಲ್ಲಿ. ಮರುವಾರದಿಂದ ಅವಳಿಗೆ ಅಲ್ಲೇ ಕೆಲಸವಾಯಿತು.

ಕೆಲಸ ಏನೆಂದು ಪದ್ಮಶ್ರೀ ಮೊದಲ ದಿನವೇ ಕೂರಿಸಿಕೊಂಡು ಹೇಳಿದರು. "ಈ ಒಂದು ಹಾಳಿಯೊಳಗ ಲಕ್ಷಗಟ್ಲೆ ನಾರು ಅದಾವ. ಒಂದೊಂದು ಎಲ್ಲಿ ಕೂತದ ಅಂತ ನೋಡ್ಲಿಕ್ಕೆ ಹೋದ್ರ ನನ್ನ ಜನ್ಮ ಸಾಲೂದಿಲ್ಲ. ಅದಕ್ಕ ಒಂದು ಉಪಾಯ. ಚಿತ್ರದ ಮ್ಯಾಲೆ ಎರಡು ಸಾಸಿವಿ ಕಾಳು ಒಗದಿ ಅಂತ ತಿಳಕೋ. ಎರಡೂ ನಾರಿನ ಮ್ಯಾಲೇ ಬಿದ್ವೇನು? ಸಮೀಪ ಸಮೀಪ ಒಗದಾಗ ಎಷ್ಟು ಸಲ, ದೂರ ದೂರ ಒಗದಾಗ ಎಷ್ಟು ಸಲ? ಹಿಂಗ ಸಾವಿರ ಸಾವಿರ ಸಲ ಒಗದ್ರ, ನಾರು ಸರಿಯಾಗಿ ಹರಡಿ ಕೂತಾವೋ, ಗುಂಪುಗೂಡಿ ಕೂತಾವೋ, ನಡುವ ಗುಳ್ಳಿ ಎಷ್ಟು ಅದಾವೋ, ಎಲ್ಲಾ ತಿಳೀತದ. ಕಾಳು ಒಗಿಯೋ ಕೆಲಸ ಕಂಪ್ಯೂಟರಿಂದು. ನಾರು ಯಾವುದು, ಗುಳ್ಳಿ ಯಾವುದು ಅಂತ ಅದಕ್ಕ ತೋರಸೋ ಕೆಲಸ ನಿಂದು."

"ಹೂಂ ರೀ."

"ಇನ್ನೊಂದು. ಹಾಳಿಯೊಳಗ ಎಲ್ಲಿ ಚೂರು ಕೊಯ್ಯಬೇಕು ಅಂತ ನಾನೂ ಹೇಳೂದಿಲ್ಲ, ನೀನೂ ಆರಸೂದಿಲ್ಲ. ಕಂಪ್ಯೂಟರ್ ಚೀಟಿ ಕೊಡ್ತದ. ನಮ್ಮಜ್ಜ ಇದ ಜಾಗಾದಾಗ ಕಣ್ಣು ಮುಚ್ಚಿ ಚೀಲ ಮುಟ್ಟತಿದ್ದ. ಮುಟ್ಟಿದ ಚೀಲಕ್ಕ ಕೊಳವಿ ಚುಚ್ಚಿ ಕಾಳು ತಗೀತಿದ್ದ. ಹಂಗ."

ಕೊಳವೆ ಚುಚ್ಚುವವರ ಮಾತು ಶ್ವೇತಾಗೆ ಗೊತ್ತಿತ್ತು. ಚುಚ್ಚಿಸಿಕೊಳ್ಳುವವರ ಮಾತು ಇನ್ನೂ ಚೆನ್ನಾಗಿ ಗೊತ್ತಿತ್ತು. ಅವಳು ಸಣ್ಣವಳಿದ್ದಾಗ ರೋಣದ ಸಂತೆಯಲ್ಲಿ ಹಗ್ಗದವನೊಬ್ಬ ಗೌರವ್ವನ ನಾರಿನ ಕಟ್ಟು ಬಿಚ್ಚಿದ್ದ. ಮೇಲಿನ ಎಳೆ ಚಲೋ ಇತ್ತು, ನಡುವೆ ಒಂದು ಹಿಡಿ ಗಂಟುಗಂಟಾಗಿತ್ತು. ಅವನು ಇಡೀ ಕಟ್ಟನ್ನು ಎತ್ತಿ ರಸ್ತೆಯ ಆಚೆ ಒಗೆದ. ನೂರು ಜನರ ಎದುರು ಅದನ್ನು ಆರಿಸಿ ತಂದವಳು ಶ್ವೇತಾ. ಅವ್ವ ಅಂದು ಊರಿಗೆ ಬರುವತನಕ ಮುಖದ ಮೇಲಿನ ಸೆರಗು ತೆಗೆದಿರಲಿಲ್ಲ.

*

ಪದ್ಮಶ್ರೀ ಈ ಹಾಳೆಯಿಂದ ಮಾಡಲು ಹೊರಟದ್ದು ಕೃತಕ ಕಾಲಿನ ಬಟ್ಟಲು. ಮೊಣಕಾಲ ಕೆಳಗೆ ಉಳಿದ ಮೋಟುಗಾಲು ಕೂರುವ ಜಾಗ ಅದು; ಮೈಭಾರವೆಲ್ಲ ಅದರ ಮೇಲೆಯೇ. ಶಹರದ ಒಂದು ಕೃತಕ ಕಾಲಿನ ಕೇಂದ್ರದವರು, ಮೊದಲು ಮೂರು ಜನರಿಗೆ ಕೊಟ್ಟು ನೋಡೋಣ ಅಂದಿದ್ದರು. ಮೂವರಲ್ಲಿ ಒಬ್ಬಳು ಗಜೇಂದ್ರಗಡದ ನಿಲೋಫರ, ನೇಕಾರರ ಮನೆಯ ಹುಡುಗಿ.

ಅಳತೆಗೆ ಬಂದ ದಿನ ನಿಲೋಫರ ಕೋಲೂರಿಕೊಂಡು ಬಾಗಿಲಲ್ಲಿ ನಿಂತು ಗೋದಾಮನ್ನೆಲ್ಲ ಒಮ್ಮೆ ನೋಡಿದಳು. "ಏನ ಬೇ, ಕಾಲು ಕೊಡ್ತಾರ ಅಂತ ಕರದ್ರು. ಇಲ್ಲಿ ನೋಡಿದ್ರ ಇಲಿ ಹಿಡಿಯೋ ಜಾಗಾ ಇದ್ದಂಗ ಐತಿ."

ಶ್ವೇತಾ ತಲೆ ತಗ್ಗಿಸಿ ನಕ್ಕಳು.

"ನೀ ಮಾತಾಡ್ತಿಯೋ ಇಲ್ಲೋ? ಇಲ್ಲಂದ್ರ ಹೇಳು, ಇಬ್ಬರ ಪಾಲಿಂದೂ ನಾನ ಮಾತಾಡ್ತೀನಿ."

ಅವಳು ಹದಿನೇಳರಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಡಬ್ಬಿಯ ಕೆಳಗೆ ಎಡಗಾಲು ಕಳೆದುಕೊಂಡವಳು. ಆಮೇಲಿನ ಆರು ವರ್ಷ ಮನೆಯ ಮೂಲೆಯಲ್ಲಿ ಕುಳಿತು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿದ್ದಳು. ಅವಳಪ್ಪನದು ಕುಣಿಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಎರಡು ತುಳಿಮಣೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಅಪ್ಪನಿಗೆ ಈಗ ಕಣ್ಣು ಮಂಜು, ಅಂಚಿನ ಎಳೆ ಕಾಣುವುದಿಲ್ಲ. ನಿಲೋಫರಳಿಗೆ ಎಳೆ ಕಾಣುತ್ತದೆ, ತುಳಿಯಲು ಕಾಲಿಲ್ಲ. ಮೊದಲು ಕೊಟ್ಟ ಪ್ಲಾಸ್ಟಿಕ್ ಕಾಲು ಭಾರ. ಕುಣಿಯ ಸೆಕೆಗೆ ಬೆವರಿ ಜಾರುತ್ತಿತ್ತು.

"ನಂಗ ಓಡಾಡಾಕ ಕಾಲು ಬ್ಯಾಡ," ಅಂದಳು ಅವಳು, ಅಳತೆಯ ಪಟ್ಟಿ ಸುತ್ತುತ್ತಿದ್ದ ಶ್ವೇತಾಳ ಕಡೆ ಬಗ್ಗಿ. "ಎಲ್ಲಿಗೆ ಓಡಲಿ? ಮಗ್ಗಕ್ಕ ಕುಂದರಬೇಕು. ಕಂಡಿಕಿ ಸುತ್ತಿ ಸುತ್ತಿ ನಾನ ಒಂದು ಕಂಡಿಕಿ ಆಗೀನಿ. ಒಂದ ಒಂದು ಸೀರಿ, ಪೂರಾ, ಅಂಚಿನಿಂದ ಸೆರಗಿನ ತನಕ ನಾ ನೇಯಬೇಕು. ಆಮ್ಯಾಲೆ ಸತ್ರೂ ನಡೀತೈತಿ."

"ಹಂಗನಬ್ಯಾಡ," ಅಂದಳು ಶ್ವೇತಾ.

"ಯಾ ಅಲ್ಲಾ! ಮಾತು ಬಂತು ನೋಡ್ರಿ, ಅಕ್ಕಾರ!"

ಆ ದಿನದಿಂದ ಶ್ವೇತಾಗೆ ಒಬ್ಬ ಗೆಳತಿ ಇದ್ದಳು. ಹೊಳೆ ಬಂದ ವರ್ಷದ ಮೇಲೆ ಇವಳೇ ಮೊದಲನೆಯವಳು.

*

ಶ್ರಾವಣದಲ್ಲಿ ಗೌರವ್ವನಿಗೆ ಚಿಕುನ್‌ಗುನ್ಯಾ ಬಂತು. ಜ್ವರ ಎಂಟು ದಿನಕ್ಕೆ ಇಳಿಯಿತು, ಕೀಲುನೋವು ಇಳಿಯಲಿಲ್ಲ. ಬಡಿಗೆ ಎತ್ತಲಾಗದು, ಹಲಗೆಯ ಮೇಲೆ ನಾರು ಎಳೆಯಲಾಗದು. ಆದರೂ ನೆನೆಹಾಕಿದ ಕಡ್ಡಿ ಕಾಯುವುದಿಲ್ಲವಲ್ಲ. ಮುಷ್ಟಿ ಬಿಗಿಯಲಾರದ ಕೈಯಲ್ಲೇ ಬಡಿದಳು, ಬಾಚಿದಳು, ಕಟ್ಟು ಕಟ್ಟಿದಳು. ಆ ಕಟ್ಟು ಬಸ್ಸಿನಲ್ಲಿ ಶ್ವೇತಾಳ ತೊಡೆಯ ಮೇಲೆ ಕುಳಿತು ನರಗುಂದಕ್ಕೆ ಬಂತು. ಬಟ್ಟಲಿನ ಹಾಳೆಗಳು, ಪರೀಕ್ಷೆಗೆ ಕೊಯ್ಯುವ ಹಾಳೆಗಳು, ಎರಡೂ ಅದರಿಂದಲೇ ತಯಾರಾದವು.

ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗಲೇ ಶ್ವೇತಾಗೆ ಕಂಡಿತು. ಒಂದು ಕಡೆ ಹೊಗೆ ಕುಳಿತ ಹಾಗೆ ಮಸುಕು. ಬಿಡಿಸಿಕೊಳ್ಳದ ನಾರು ಅಲ್ಲಿ ಹಿಂಡುಹಿಂಡಾಗಿ ಕುಳಿತಿತ್ತು, ಅಂಟು ನಡುವೆ ಇಳಿಯದೆ ಗಾಳಿ ನಿಂತಿತ್ತು. ಕಂಪ್ಯೂಟರಿನ ಚೀಟಿ ನೋಡಿದಳು. ಎಡದಿಂದ ಇಷ್ಟು, ಕೆಳಗಿನಿಂದ ಇಷ್ಟು. ಅಳತೆಪಟ್ಟಿ ಇಟ್ಟು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದಳು. ಗುರುತು ಮಸುಕಿನ ಮಧ್ಯಕ್ಕೇ ಬಂತು.

ಹತ್ತಿರ ಯಾರೂ ಇರಲಿಲ್ಲ. ಪದ್ಮಶ್ರೀ ಒಳಗಿನ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಶ್ವೇತಾ ಗರಗಸ ಹಿಡಿದು ಆ ಗುರುತನ್ನು ನೋಡುತ್ತ ನಿಂತಳು. ಅವಳಿಗೆ ಅಲ್ಲಿ ಕಂಡದ್ದು ಹಾಳೆಯಲ್ಲ. ರೋಣದ ರಸ್ತೆ, ಧೂಳಿನಲ್ಲಿ ಬಿದ್ದ ಕಟ್ಟು, ಸೆರಗಿನೊಳಗಿನ ಅವ್ವನ ಮುಖ. ಮಾದರಿ ಕೆಟ್ಟರೆ ಮಾಲೆಲ್ಲ ಕೆಟ್ಟಂತೆ, ತಿರುಗಿ ಒಗೆಯುತ್ತಾರೆ. ಯಾರೂ ಹಾಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಪೇಟೆಯಲ್ಲಿ ಬೆಳೆದವರಿಗೆ ಗೊತ್ತಿರುವ ಮಾತು.

ಎರಡು ಬೆರಳು ಬಲಕ್ಕೆ ಸರಿದು ಕೊಯ್ದಳು.

ಚೂರು ಚಂದವಾಗಿ ಬಂತು. ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಾರುಗಳು ಬಿತ್ತಿದ ಜೋಳದ ಸಾಲಿನಂತೆ ಕುಳಿತಿದ್ದವು. ಗುರುತು ಮಸುಕಿನ ಮೇಲೆ ಬಿದ್ದಾಗೆಲ್ಲ ಹಾಗೆ ಮಾಡಿದಳು, ಹನ್ನೊಂದು ಸಲ ಆಯಿತು. ಪ್ರತಿ ಸಲವೂ ಸುಳ್ಳು ಎರಡೇ ಬೆರಳಿನದು. ಬಗ್ಗಿಸಿ, ಎಳೆದು, ಮುರಿದು ಪರೀಕ್ಷೆ ಮಾಡುವ ಪಟ್ಟಿಗಳನ್ನೂ ಅವಳೇ ಕೊಯ್ಯಬೇಕಿತ್ತು. ಅವೂ ಒಳ್ಳೆಯ ಕಡೆಯಿಂದಲೇ ಬಂದವು.

ಆ ಚಿತ್ರಗಳಿಂದ ಲೆಕ್ಕ ಹಾಕಿ ಕಂಪ್ಯೂಟರ್ ಎಳೆದ ಗೆರೆಯನ್ನು ನೋಡಿ ಪದ್ಮಶ್ರೀಗೆ ಖುಷಿಯಾಯಿತು. "ನಿಮ್ಮವ್ವನ ಕೈ ದೇವರ ಕೈ ಅದ, ಶ್ವೇತಾ. ಇಷ್ಟು ಚಲೋ ಹರಡಿದ ನಾರು ಮಶೀನಿಗೂ ಬರೂದಿಲ್ಲ. ಬಟ್ಟಲು ಇನ್ನೂ ತೆಳ್ಳಗ ಮಾಡಬಹುದು. ನಿನ್ನ ಗೆಳತಿಗೆ ಹಗುರ ಆಗ್ತದ."

ಶ್ವೇತಾ ಸಂಜೆ ಅವ್ವನಿಗೆ ಆ ಮಾತು ಹಾಗೆಯೇ ಹೇಳಿದಳು. ಗೌರವ್ವ ತನ್ನ ಬಾತ ಬೆರಳುಗಳನ್ನು ನೋಡಿಕೊಂಡಳು. "ಈ ಸಲದ್ದ?" ಅಂತ ಕೇಳಿದಳು. ಕೇಳಿ ಒಲೆಯ ಕಡೆ ತಿರುಗಿದಳು.

*

ದೀಪಾವಳಿಯ ನಂತರ ನಿಲೋಫರಳಿಗೆ ಕಾಲು ಬಂತು. ಮೊದಲ ದಿನವೇ ಅವಳು ಕುಣಿಗೆ ಇಳಿದಳು. ತಾಯಿ ಜಬೀನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಸಪ್ಪಳಕ್ಕೆ ಕಿವಿ ಕೊಟ್ಟಿದ್ದ. ಬಲಗಾಲು, ಎಡಗಾಲು. ಲಾಳಿ ಅತ್ತ ಹೋಗಿ ಇತ್ತ ಬಂತು. ನಿಲೋಫರ ತಿರುಗಿ ನೋಡಿ, "ಅಮ್ಮಿ, ಕಂಡಿಕಿ ಸುತ್ತಾಕ ಒಂದು ಹೆಣ್ಣು ನೋಡು, ನಾ ಇನ್ನ ನೇಕಾರ್ತಿ," ಅಂದಳು. ಜಬೀನ ನಕ್ಕು, ಅತ್ತು, ಒಳಗೆ ಹೋಗಿ ಬಂದು, ಕಾಲು ತಲುಪಿಸಲು ಬಂದಿದ್ದ ಶ್ವೇತಾಳ ಕೈಯಲ್ಲಿ ರಂಜಾನಿಗೆ ಮಾಡುವ ಶಿರಖುರ್ಮಾ ಒಂದು ಬಟ್ಟಲು ಇಟ್ಟಳು. ಹಬ್ಬ ಯಾವುದೂ ಇರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಶ್ವೇತಾ ಗಜೇಂದ್ರಗಡಕ್ಕೆ ಹೋಗಿ ಕಾಗದ ತುಂಬಿಸಿಕೊಂಡು ಬರಬೇಕು. ನೋವು ಇದೆಯೇ, ಸಪ್ಪಳ ಬರುತ್ತದೆಯೇ, ಬಿರುಕು ಕಾಣುತ್ತದೆಯೇ.

"ನೋವು?"

"ಇಲ್ಲ."

"ಸಪ್ಪಳ?"

"ನನ್ನ ಬಾಯಿಂದು ಬಿಟ್ರ ಇಲ್ಲ."

"ಖರೇ ಹೇಳ."

"ಖರೇನ ಬೇ. ಬರಿ, ಬರಿ, ದುಂಡಗ ಬರಿ. ನಿಮ್ಮ ಅಕ್ಕಾರು ನೋಡಿ ನಿಂಗ ಶಾಭಾಸ್ ಅನ್ನಬೇಕು."

ಸೀರೆ ಮೊಳ ಮೊಳ ಬೆಳೆಯಿತು. ಕಡುಗೆಂಪು ಒಡಲು, ಹಸಿರು ಅಂಚು. ಫೆಬ್ರವರಿಯ ಮೊದಲ ಶುಕ್ರವಾರ ಶ್ವೇತಾ ಹೋದಾಗ ನಿಲೋಫರ ಮಗ್ಗದಿಂದ ಏಳಲಿಲ್ಲ. ಬಟ್ಟಲು ತೆಗೆದು ತೋರಿಸು ಅಂದರೆ, "ಸೆರಗಿಗೆ ಬಂದೀನಿ, ಈಗ ಎದ್ರ ಎಳಿ ತಪ್ಪತೈತಿ, ಮುಂದಿನ ಸಲ ನೋಡು," ಅಂದಳು. ಮನೆಯಲ್ಲಿ ಡೆಟಾಲಿನ ವಾಸನೆ ಇತ್ತು. ತುಳಿಯುವಾಗ ನಿಲೋಫರಳ ಕೆಳದುಟಿ ಪ್ರತಿ ಎಡಗಾಲಿಗೊಮ್ಮೆ ಒಳಗೆ ಹೋಗುತ್ತಿತ್ತು. ಏನನ್ನೂ ಬಿಡದೆ ನೋಡುವ ಶ್ವೇತಾ ಅದನ್ನೂ ನೋಡಿದಳು. ನೋಡಿ, ಕಾಗದದ ಮೇಲೆ ಮೂರು ಸಲ ಇಲ್ಲ ಅಂತ ಬರೆದಳು.

ಒಂಬತ್ತು ದಿನದ ಮೇಲೆ ಜಬೀನ ಫೋನು ಮಾಡಿದಳು. ನಿಲೋಫರ ಜ್ವರ ಏರಿ ಮಗ್ಗದ ಮೇಲೆಯೇ ಬಿದ್ದಿದ್ದಳು. ಬಟ್ಟಲು ಬಿಚ್ಚಿದಾಗ ಒಳಗೆ ಬೆರಳುದ್ದದ ಬಿರುಕು, ಸೀಳಿದ ನಾರಿನ ತುದಿಗಳು ಹೊರಗೆ ಬಂದಿದ್ದವು. ಅವುಗಳ ಮೇಲೆ ಹಳೆಯ ಓಢಣಿಯ ತುಂಡು ಮಡಿಸಿ ಇಟ್ಟುಕೊಂಡು ಮೂರು ವಾರ ತುಳಿದಿದ್ದಳು. ಮಾಂಸ ಕೆಟ್ಟು ವಿಷ ಮೇಲಕ್ಕೇರಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಜೀವ ಉಳಿಸಿದರು. ಮೊಣಕಾಲು ಉಳಿಯಲಿಲ್ಲ. ತೊಡೆಯ ಮಧ್ಯಕ್ಕೆ ಕತ್ತರಿಸಿದರು.

ಮೊಣಕಾಲಿದ್ದರೆ ತುಳಿಮಣೆ. ಅದಿಲ್ಲದವರಿಗೆ ಎಂಥ ಕಾಲು ಕೊಟ್ಟರೂ ಕುಣಿಮಗ್ಗವಿಲ್ಲ. ಇದನ್ನು ಯಾರೂ ಶ್ವೇತಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

*

ಉಳಿದಿಬ್ಬರ ಬಟ್ಟಲುಗಳನ್ನು ಪದ್ಮಶ್ರೀ ಆ ದಿನವೇ ತಿರುಗಿ ತರಿಸಿದರು. ಆಮೇಲೆ ತಮ್ಮ ಲೆಕ್ಕ ತೆರೆದು ಕುಳಿತರು. ಬೆಳಿಗ್ಗೆ ಶ್ವೇತಾ ಬೀಗ ತೆಗೆಯುವ ಮೊದಲೇ ಬಂದಿರುತ್ತಿದ್ದರು. ಎಲ್ಲಿ ತಪ್ಪಿದೆ, ಯಾವ ಸಾಲಿನಲ್ಲಿ ತಪ್ಪಿದೆ ಅಂತ ಹುಡುಕಿ ಹುಡುಕಿ, ಹನ್ನೆರಡನೆಯ ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಗವಲ್ದು," ಅಂದರು. "ಚಿತ್ರ ಎಲ್ಲಾ ಸರಿ ಅದಾವ. ನೀ ಹಾಕಿದ ಗುರುತು ಒಂದೂ ತಪ್ಪಿಲ್ಲ, ಮೂರು ಸಲ ನೋಡಿದೆ. ಅಂದ್ರ ತಪ್ಪು ನನ್ನ ವಿಚಾರದಾಗ ಅದ. ಹಿಂಗ ಮಾಡಬಾರದು ಅಂತ ಕೇಂದ್ರದವರಿಗೆ ಪತ್ರ ಬರದೀನಿ. ಈ ಪದ್ಧತೀನ ನಂಬಬ್ಯಾಡ್ರಿ ಅಂತ." ಮೇಜಿನ ಮೇಲೆ ಪತ್ರ ಇತ್ತು. ಕೆಳಗೆ ಸಹಿ ಆಗಿತ್ತು.

ಶ್ವೇತಾ ಹೋಗಿ ಕಪಾಟು ತೆಗೆದಳು. ಹಾಗೆ ಕೊಯ್ದು ಉಳಿದ ಆ ಹನ್ನೊಂದು ಹಾಳೆಗಳನ್ನು ಒಂದೊಂದಾಗಿ ತಂದು ಪತ್ರದ ಮೇಲೆಯೇ ಇಟ್ಟಳು. ಎಲ್ಲದರ ಮೇಲೂ ಪೆನ್ಸಿಲ್ಲಿನ ಗುರುತು ಹಾಗೆಯೇ ಇತ್ತು, ಕೊಯ್ದ ತೂತು ಅದರ ಪಕ್ಕದಲ್ಲಿ.

ಪದ್ಮಶ್ರೀ ನೋಡಿದರು. ಒಂದು ಹಾಳೆಯನ್ನು ಎತ್ತಿ ಕಿಟಕಿಗೆ ಹಿಡಿದರು. ಕೆಳಗಿಟ್ಟು ಇನ್ನೊಂದನ್ನು ಹಿಡಿದರು.

"ಯಾಕ?"

ಶ್ವೇತಾ ಪೆನ್ಸಿಲ್ಲಿನ ಗುರುತಿನ ಮೇಲೆ ಬೆರಳಿಟ್ಟಳು. "ಅವ್ವಂದು ಕೈ ನೋವಿತ್ರಿ. ನಾರು ಗಂಟಾಗಿತ್ತು. ನೀವು ನೋಡಿದ್ರ... ತಿರುಗಿ ಒಗೀತೀರಿ ಅಂತ."

"ನಾ ಯಾವಾಗ ಹಂಗ ಅಂದೆ?"

"ಅಂದಿಲ್ರಿ."

ಬೈಯುತ್ತಾರೆ, ಹೊರಗೆ ನಡೆ ಅನ್ನುತ್ತಾರೆ ಅಂತ ಶ್ವೇತಾ ಕಾದಳು. ಪದ್ಮಶ್ರೀ ಗರಗಸವನ್ನು ಅವಳ ಕಡೆ ಸರಿಸಿದರು. "ಕೊಯ್ಯಿ. ಗುರುತಿದ್ದಲ್ಲೇ. ನಾ ಇಲ್ಲೇ ನಿಂತಿರ್ತೀನಿ. ಮೊದಲೂ ನಿಲ್ಲಬೇಕಿತ್ತು."

ಎರಡು ದಿನ ಹಿಡಿಯಿತು. ಹನ್ನೊಂದು ಚೂರು ಕೊಯ್ದು, ಉಜ್ಜಿ, ಚಿತ್ರ ತೆಗೆದು, ಶ್ವೇತಾ ಗುರುತು ಹಾಕಲು ಕುಳಿತಳು. ಇಲ್ಲಿ ಹದಿನಾರು ನಾರು ಒಂದೇ ಹಿಂಡಾಗಿ. ಇಲ್ಲಿ ಗುಳ್ಳೆ. ಅದರ ಪಕ್ಕ ಇನ್ನೊಂದು, ಎರಡೂ ಕೂಡಿಕೊಳ್ಳಲು ಕೂದಲೆಳೆಯ ಅಂತರ. ಒಂದನ್ನೂ ಬಿಡಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದಾಗ ಮಾತ್ರ ಗುರುತು ಅಲುಗಿ ಮತ್ತೆ ಹಾಕಬೇಕಾಯಿತು.

ಎರಡನೆಯ ಸಂಜೆ ಕಂಪ್ಯೂಟರ್ ಹೊಸ ಗೆರೆ ಎಳೆಯಿತು. ಪದ್ಮಶ್ರೀ ಅದನ್ನು ತಮ್ಮ ಲೆಕ್ಕಕ್ಕೆ ಕೂಡಿಸಿದರು. ಉತ್ತರ ಬಂತು. ಶ್ವೇತಾ ಕೇಳಿದಳು, "ಏನ ಬಂತ್ರಿ, ಅಕ್ಕಾರ?"

"ಎರಡು ಮಿಲಿಮೀಟರ್."

"ಏನು ಎರಡು ಮಿಲಿಮೀಟರ್‌ ರೀ?"

"ದಪ್ಪ. ಬಟ್ಟಲು ಇನ್ನೂ ಎರಡು ಮಿಲಿಮೀಟರ್ ದಪ್ಪ ಮಾಡಿದ್ರ ಇದ ನಾರು ಹತ್ತು ವರ್ಷ ತಡೀತಿತ್ತು. ಇದ ನಾರು, ಶ್ವೇತಾ. ಬ್ಯಾರೆ ಬೇಕಾಗಿರಲಿಲ್ಲ." ಅವರ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನಾ ಪೇಟಿ ವ್ಯಾಪಾರ ಮಾಡ್ಲಿಕ್ಕೆ ಕೂತಿಲ್ಲಲ್ಲವಾ ಇಲ್ಲಿ. ಕೆಟ್ಟದ್ದು ಇರೂದ ಅದ. ಎಲ್ಲರ ನಾರಿನಾಗೂ ಇರ್ತದ. ಎಷ್ಟು ಅದ, ಹ್ಯಾಂಗ ಅದ ಅಂತ ಗೊತ್ತಾದ್ರ ಅದನ್ನೂ ಕೂಡಿಸ್ಕೊಂಡ ಗಟ್ಟಿ ಮಾಡಲಿಕ್ಕೆ ಬರ್ತದ. ಅದಕ್ಕ ಈ ಕೆಲಸ. ಅದಕ್ಕ ನಿನ್ನ ಕರದಿದ್ದೆ."

ಪದ್ಮಶ್ರೀ ಮೊದಲಿನ ಪತ್ರವನ್ನು ಹರಿದು ಇನ್ನೊಂದು ಬರೆದರು. ಅದರಲ್ಲಿ ಶ್ವೇತಾಳ ಹೆಸರೂ ಇತ್ತು, ಕೊಯ್ಯುವಾಗ ತಾವು ಒಂದು ಸಲವೂ ಬಳಿ ನಿಂತು ನೋಡಲಿಲ್ಲ ಅನ್ನುವುದೂ ಇತ್ತು. ಓದಿ ಹೇಳಿದರು. ಶ್ವೇತಾ ಬೀಗದ ಕೈ ಮೇಜಿನ ಮೇಲಿಟ್ಟು ಬಂದಳು. ಇಡು ಅಂತ ಅವರು ಅಂದಿರಲಿಲ್ಲ, ತೊಗೋ ಅಂತಲೂ ಅನ್ನಲಿಲ್ಲ.

ಮನೆಯಲ್ಲಿ ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಒಲೆಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಆ ಸಲದ ನಾರು ಚಲೋ ಇರಲಿಲ್ಲ," ಅಂದಳು ಗೌರವ್ವ. "ನಂಗೊತ್ತಿಲ್ಲೇನು? ನಾನ ಬಡದದ್ದು. ಕೇಳಿದ್ರ ನಾನ ಹೇಳ್ತಿದ್ದೆ ಆಕಿಗೆ. ನನ್ನ ಮಾನ ಕಾಯಾಕ ಯಾರು ಹೇಳಿದ್ರ ನಿಂಗ?" ಹೊತ್ತಿದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. "ಆ ಹುಡುಗಿಗೆ ಹೇಳಿದ್ಯಾ?"

"ಇಲ್ಲ."

"ಹೋಗಿ ಹೇಳ."

*

ಶುಕ್ರವಾರವೇ ಹೋದಳು. ನಿಲೋಫರ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಮಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಬಟ್ಟೆಯ ಕೆಳಗಿನಿಂದ ಒಂದು ಗೇಣು ಕಡುಗೆಂಪು ಕಾಣುತ್ತಿತ್ತು.

"ಬಂದ್ಯೇನ? ಕಾಗದ ತಂದಿಯಾ?" ಅಂದಳು ನಿಲೋಫರ. "ನೋವು ಐತಿ ಅಂತ ಬರಕೋ. ಈಗ ಇಲ್ಲದ ಕಾಲೂ ನೋಯ್ತೈತಿ, ಅದಕ್ಕ ಒಂದು ಬ್ಯಾರೆ ಸಾಲು ಹಾಕು."

ಶ್ವೇತಾ ನಿಂತೇ ಹೇಳಿದಳು. ಹೊಳೆಯ ಮಡುವಿನಿಂದ ಶುರುಮಾಡಿ, ಎರಡು ಬೆರಳು, ಎರಡು ಮಿಲಿಮೀಟರ್, ಎಲ್ಲ. ಇಷ್ಟುದ್ದ ಅವಳು ಯಾರ ಎದುರಿಗೂ ಮಾತಾಡಿರಲಿಲ್ಲ. ನಿಲೋಫರ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಶ್ವೇತಾಗೆ ಹೆದರಿಕೆಯಾದದ್ದು ಅದಕ್ಕೇ.

"ಮೂರು ವಾರ ಚುಚ್ಚತಿತ್ತು," ಅಂದಳು ನಿಲೋಫರ ಕೊನೆಗೆ. "ನೀ ಬಂದಾಗೂ ಚುಚ್ಚತಿತ್ತು. ನೋವೈತಿ ಅಂದ್ರ ನಿಮ್ಮ ಅಕ್ಕಾರು ನಿನ್ನ ಕೆಲಸ ಸರಿ ಇಲ್ಲಂತ ಬೈತಾರೇನೋ, ನಿನ್ನ ಬಿಡಸ್ತಾರೇನೋ ಅಂತ ಸುಮ್ಮನಿದ್ದೆ. ಸೆರಗಿಗೂ ಬಂದಿತ್ತು. ಅದೂ ಖರೇನ. ಆದ್ರ ನಿನ್ನ ಸಲುವಾಗಿನೂ ಸುಮ್ಮನಿದ್ದೆ."

"ನಿಲೂ—"

"ನಿಲ್ಲು. ನಾ ಹೇಳ್ತೀನಿ. ನೀ ಅವತ್ತ ನನ್ನ ತುಟಿ ನೋಡ್ತಿದ್ದಿ. ನಾ ನೋಡೀನಿ, ನೀ ನೋಡೂದನ್ನ. ನಿಂಗ ಗೊತ್ತಾಗಿತ್ತಲ್ಲ?"

ಶ್ವೇತಾ ಹೂಂ ಅಂದಳು.

ನಿಲೋಫರ ಕಿಟಕಿಯ ಕಡೆ ತಿರುಗಿದಳು. ಹೊರಗೆ ಯಾರೋ ಮೊಸರು ಮಾರುತ್ತ ಹೋದರು. "ಅಮ್ಮಿಗೆ ಹೇಳಬ್ಯಾಡ. ಹೇಳಿದ್ರ ಆಕಿ ಬೈತಾಳ, ಅಳ್ತಾಳ, ಆಮ್ಯಾಲೆ ಮಾಫ್ ಮಾಡ್ತಾಳ. ಆಕಿ ಹಂಗ. ನಂಗ ಅದು ಬ್ಯಾಡ. ಈ ಮನ್ಯಾಗ ಯಾರೂ ನಿಂಗ ಮಾಫ್ ಮಾಡೂದು ಬ್ಯಾಡ." ಅವಳ ದನಿ ಅಲ್ಲಿ ಒಡೆಯಿತು, ಮತ್ತೆ ಕೂಡಿಕೊಂಡಿತು. "ಬರಬ್ಯಾಡ ಇನ್ನ. ನಾ ಸಿಟ್ಟಿಗೆ ಹೇಳಾಕತ್ತಿಲ್ಲ. ನಿನ್ನ ನೋಡಿದ್ರ ಆ ಲಾಳಿ ಸಪ್ಪಳ ಕೇಳ್ತೈತಿ."

ಅಷ್ಟರಲ್ಲಿ ಜಬೀನ ಹಿತ್ತಲಿನಿಂದ ಬಂದಳು. ಶ್ವೇತಾಳನ್ನು ನೋಡಿ ಅವಳ ಮುಖ ಅರಳಿತು. "ಬಾ ಮಗಳ, ಬಾ. ನೀ ಬಂದದ್ದು ಭಾಳ ಚಲೋ ಆತು. ಇಕಿನ್ನ ಬಿಸಲಿಗೆ ಕುಂದ್ರಸಬೇಕು ಅಂತ ದಾಕ್ತರ ಹೇಳ್ಯಾರ, ನನ್ನ ಸೊಂಟ ಹಿಡದೈತಿ. ಒಂದೀಟು ಆ ಕಡಿ ಹಿಡಿ, ಎತ್ತೂಣು."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಶ್ವೇತಾ ಹೊರಸಿನ ಹತ್ತಿರ ಬಗ್ಗಿದಳು. ಬೇರೆ ದಾರಿ ಇರಲಿಲ್ಲ, ನಿಲೋಫರ ತನ್ನ ತೋಳನ್ನು ಅವಳ ಕೊರಳ ಸುತ್ತ ಹಾಕಬೇಕಾಯಿತು. ಆ ತೋಳು ಮುಟ್ಟಿಯೂ ಮುಟ್ಟದ ಹಾಗೆ ಇತ್ತು. ಹೊಸ್ತಿಲು ದಾಟುವಾಗ ಜಬೀನ ತುಸು ಎಡವಿದಳು, ಆಗ ಮಾತ್ರ ಬಿಗಿಯಾಯಿತು.

ಅಂಗಳದ ಬಿಸಿಲಿನಲ್ಲಿ ಚಾಪೆಯ ಮೇಲೆ ಕೂರಿಸಿದರು. ತೋಳು ಬಿಡಿಸಿಕೊಂಡಿತು. ಜಬೀನ ಚಹಾ ಇಡಲು ಒಳಗೆ ಹೋದಳು, ಹೋಗುತ್ತ, "ಮಾತಾಡಸ್ಕೋತ ಕುಂದರು ಮಗಳ, ನೀ ಬಂದ್ರನ ಇಕಿ ನಗೂದು," ಅಂದಳು.

ಶ್ವೇತಾ ಚಪ್ಪಲಿ ಹುಡುಕಿಕೊಂಡಳು. ಒಳಗೆ ಸ್ಟೌ ಹತ್ತಿದ ಸಪ್ಪಳ ಕೇಳಿತು. ಬಸ್ ಸ್ಟ್ಯಾಂಡಿನ ದಾರಿ ಹಿಡಿದ ಮೇಲೂ ಅವಳ ಬಲ ತೋಳಿಗೆ ಎತ್ತಿದ ಆ ಮೈಯ ಹಗುರ ಗೊತ್ತಾಗುತ್ತಲೇ ಇತ್ತು. ಇಪ್ಪತ್ತಮೂರು ವರ್ಷದ ಹುಡುಗಿ ಅಷ್ಟು ಹಗುರ ಇರಬಾರದಿತ್ತು.